ಕಾಶ್ಮೀರಿ ಗೇಟಿನಲ್ಲಿ ಒಂದು ಪಂಪಿನ ಹುಡುಕಾಟ

ದೆಹಲಿಯ ಕಾಶ್ಮೀರಿ ಗೇಟ್ ಮೆಟ್ರೊ ನಿಲ್ದಾಣದಲ್ಲಿ ಕೆಂಪು, ಹಳದಿ, ನೇರಳೆ ಮೂರೂ ಲೈನುಗಳು ಸೇರುತ್ತವೆ. ಇಳಿದವರಲ್ಲಿ ಅರ್ಧದಷ್ಟು ಜನ ಪಕ್ಕದ ಬಸ್ ನಿಲ್ದಾಣಕ್ಕೆ ಓಡುತ್ತಾರೆ, ಅಲ್ಲಿಂದ ಹಿಮಾಚಲಕ್ಕೋ ಉತ್ತರಾಖಂಡಕ್ಕೋ ಬಸ್ಸು ಹಿಡಿಯುತ್ತಾರೆ. ಇನ್ನರ್ಧ ಜನ ಕೈಯಲ್ಲಿ ಎಣ್ಣೆ ಮೆತ್ತಿದ ಯಾವುದೋ ಬಿಡಿಭಾಗವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಹಳೇ ಬಜಾರಿನ ಗಲ್ಲಿಗಳಿಗೆ ನುಗ್ಗುತ್ತಾರೆ. ಈ ಫೆಬ್ರವರಿಯ ಒಂದು ಶನಿವಾರ ನಾನು ಎರಡನೇ ಗುಂಪಿನಲ್ಲಿದ್ದೆ. ನನ್ನ ಚೀಲದಲ್ಲಿದ್ದದ್ದು ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ ಒಂದು ಸುಟ್ಟ ಪಂಪು.

ಈ ಜಾಗಕ್ಕೆ ಹೆಸರು ಕೊಟ್ಟ ಬಾಗಿಲು ಇನ್ನೂ ನಿಂತಿದೆ. ಷಹಜಹಾನನ ಕೋಟೆ ಗೋಡೆಯ ಉತ್ತರದ ದ್ವಾರ ಇದು. ಕಾಶ್ಮೀರದ ಕಡೆಗೆ ಹೋಗುವ ದಾರಿ ಇಲ್ಲಿಂದ ಹೊರಡುತ್ತಿದ್ದದ್ದರಿಂದ ಕಾಶ್ಮೀರಿ ಗೇಟ್. 1857ರ ಸೆಪ್ಟೆಂಬರ್ 14ರಂದು ಬ್ರಿಟಿಷ್ ಪಡೆ ಇದನ್ನೇ ಸಿಡಿಮದ್ದು ಇಟ್ಟು ಒಡೆದು ಊರೊಳಗೆ ನುಗ್ಗಿತು. ಎರಡು ಕಮಾನಿನ ಆ ಕಟ್ಟಡದ ಮೇಲೆ ಗುಂಡಿನ ಗುರುತುಗಳು ಇವತ್ತಿಗೂ ಕಾಣುತ್ತವೆ. ಸ್ವಲ್ಪ ಮುಂದೆ ಕರ್ನಲ್ ಜೇಮ್ಸ್ ಸ್ಕಿನ್ನರ್ ಕಟ್ಟಿಸಿದ, 1836ರಲ್ಲಿ ಪೂರ್ಣವಾದ ಸೇಂಟ್ ಜೇಮ್ಸ್ ಚರ್ಚಿನ ಗುಮ್ಮಟವಿದೆ. ಇವೆರಡರ ನಡುವೆ ಮತ್ತು ಆಚೆ ಈಚೆ, ಹ್ಯಾಮಿಲ್ಟನ್ ರೋಡು, ನಿಕಲ್ಸನ್ ರೋಡು, ಮೋರಿ ಗೇಟಿನವರೆಗೂ ಹಬ್ಬಿರುವುದು ವಾಹನ ಬಿಡಿಭಾಗಗಳ ದೊಡ್ಡ ಸಂತೆ. ಪಿಸ್ಟನ್ ರಿಂಗಿನ ಅಂಗಡಿ ಬೇರೆ, ಬೇರಿಂಗಿನದು ಬೇರೆ, ಬರೀ ಕ್ಲಿಪ್ಪು ಮತ್ತು ವಾಷರು ಮಾರುವವನು ಬೇರೆ. ತಳ್ಳುಗಾಡಿಯ ಮೇಲೆ ಟ್ರಕ್ಕಿನ ಆಕ್ಸಲ್ ಹೋಗುತ್ತಿರುತ್ತದೆ, ಅದರ ಹಿಂದೆ ಒಬ್ಬ ಚಹಾದ ಗ್ಲಾಸುಗಳ ತಟ್ಟೆ ಹಿಡಿದು ಬರುತ್ತಿರುತ್ತಾನೆ.

ನಾನೂ ಕಾಶ್ಮೀರದ ದಿಕ್ಕಿಗೇ ಹೋಗಬೇಕಾಗಿತ್ತು. ಪೂರ್ತಿ ಅಲ್ಲ, ಮನಾಲಿಯಿಂದ ಲೇಹ್ ಕಡೆಗೆ. ಒಮ್ಮೆ ಹೋಗಿ ಸೋತು ಬಂದಿದ್ದೆ. ಸೋಲಿಗೆ ಒಂದು ಕಾರಣ ಚೀಲದಲ್ಲಿದ್ದ ಪಂಪು. ಇನ್ನೊಂದು ಕಾರಣವನ್ನು ಆಮೇಲೆ ಹೇಳುತ್ತೇನೆ.

ನಮ್ಮ ವಾಹನ 2.5 ಲೀಟರಿನ ಡೀಸೆಲ್ ಪಿಕಪ್, ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವಂಥದ್ದು. ಕೊಂಡ ಎರಡನೇ ವರ್ಷ ನನಗೆ ಮುಂದುಗಡೆ ಉಕ್ಕಿನ ಬಂಪರು ಮತ್ತು ವಿಂಚ್ ಬೇಕು ಅನ್ನಿಸಿತು. ಹಾಕಿಸಿದೆ. ಅವು ಬಂದ ಮೇಲೆ ಮುಂದಿನ ಜಾಲರಿಯಿಂದ ಒಳಗೆ ಹೋಗುತ್ತಿದ್ದ ಗಾಳಿಗೆ ಅಡ್ಡವಾಯಿತು. ಆ ಗಾಳಿಯನ್ನು ನಂಬಿಕೊಂಡಿದ್ದದ್ದು ಇಂಟರ್‌ಕೂಲರ್. ಟರ್ಬೊ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ, ಸೈಕಲ್ಲಿಗೆ ಗಾಳಿ ಹೊಡೆದವರಿಗೆ ಪಂಪಿನ ಬುಡ ಸುಡುವುದು ಗೊತ್ತು. ಆ ಬಿಸಿಯನ್ನು ತೆಗೆಯುವುದು ಇಂಟರ್‌ಕೂಲರಿನ ಕೆಲಸ. ನಿಧಾನವಾಗಿ ಏರು ಹತ್ತುವಾಗ ನಮ್ಮದು ಆ ಕೆಲಸ ಮಾಡದಾಯಿತು. ವರ್ಕ್‌ಶಾಪಿನವರು ಪರಿಹಾರ ಹೇಳಿದರು: ಗಾಳಿಯಿಂದ ತಂಪಾಗುವ ಇಂಟರ್‌ಕೂಲರ್ ತೆಗೆದು ನೀರಿನಿಂದ ತಂಪಾಗುವುದನ್ನು ಎಂಜಿನ್ ಹತ್ತಿರ ಕೂರಿಸೋಣ. ನೀರು ತಣಿಯಲು ಪುಟ್ಟ ರೇಡಿಯೇಟರೊಂದನ್ನು ಫ್ಯಾನಿನ ಸಮೇತ ಕ್ಯಾಬಿನ್ನಿನ ಹಿಂದೆ ಇಡೋಣ. ನಡುವೆ ನೀರು ತಿರುಗಿಸಲು ಒಂದು ಎಲೆಕ್ಟ್ರಿಕ್ ಪಂಪು. ಒಂದು ಬದಲಾವಣೆ ಇನ್ನೊಂದನ್ನು ಕರೆಯಿತು, ಅದು ಮತ್ತೊಂದನ್ನು. ಕೊನೆಗೆ ಇಡೀ ವ್ಯವಸ್ಥೆ ನಿಂತದ್ದು ಮೂರು ಸಾವಿರ ರೂಪಾಯಿಗೂ ಕಡಿಮೆ ಬೆಲೆಯ, ಪೆಟ್ಟಿಗೆಯ ಮೇಲೆ ಹೆಸರು ಕೂಡ ಸರಿಯಾಗಿಲ್ಲದ ಒಂದು ಪಂಪಿನ ಮೇಲೆ.

ಹೋದ ವರ್ಷ ಆಗಸ್ಟಿನಲ್ಲಿ ಶಿರಸಿಯಿಂದ ಅಪ್ಪ ಬಂದಿದ್ದರು. ಎಪ್ಪತ್ತೊಂದು ವರ್ಷ. ಅಡಿಕೆ ತೋಟ, ಕೆರೆ, ಪಂಪ್‌ಸೆಟ್ಟು ಇವುಗಳ ನಡುವೆಯೇ ಬದುಕಿದವರು. ಹಿಮದ ಬೆಟ್ಟವನ್ನು ಒಮ್ಮೆ ಹತ್ತಿರದಿಂದ ನೋಡಬೇಕು ಅಂದರು. ಕರೆದುಕೊಂಡು ಹೊರಟೆ. ಮೊದಲ ರಾತ್ರಿ ಮನಾಲಿ. ಮರುದಿನ 9.02 ಕಿ.ಮೀ. ಉದ್ದದ ಅಟಲ್ ಸುರಂಗ ದಾಟಿ ಲಾಹೌಲಿಗೆ, ರಾತ್ರಿ ಜಿಸ್ಪಾದಲ್ಲಿ. ಮೂರನೇ ದಿನ ಬಾರಾಲಾಚಾ ಲಾ ಹತ್ತಿ ಇಳಿದು ಸರ್ಚುವಿನ ಗುಡಾರದಲ್ಲಿ. ಬಾರಾಲಾಚಾ ಹತ್ತುವಾಗ ಗಾಡಿ ಎಳೆಯುತ್ತಿರಲಿಲ್ಲ. ಎತ್ತರಕ್ಕೆ ಹೀಗೇ ಆಗುತ್ತದೆ, ಗಾಳಿ ತೆಳುವಲ್ಲವೇ ಅಂದುಕೊಂಡೆ. ಅಪ್ಪನಿಗೆ ತಲೆನೋವು ಶುರುವಾಗಿತ್ತು. ಅದಕ್ಕೂ ಅದೇ ವಿವರಣೆ ಕೊಟ್ಟೆ.

ಸರ್ಚುವಿನ ಕಷ್ಟ ಏನೆಂದರೆ ಅದು ಎರಡು ಎತ್ತರಗಳ ನಡುವಿನ ಬಟ್ಟಲು. ಅದೇ ಸುಮಾರು 4,290 ಮೀಟರ್ ಎತ್ತರದಲ್ಲಿದೆ. ಲೇಹ್ ಕಡೆ ಹೋಗಬೇಕೆಂದರೆ 5,000 ಮೀಟರ್ ದಾಟುವ ಲಾಚುಲುಂಗ್ ಲಾ ಹತ್ತಬೇಕು, ಮನಾಲಿ ಕಡೆ ಮರಳಬೇಕೆಂದರೆ ಸುಮಾರು 4,890 ಮೀಟರಿನ ಬಾರಾಲಾಚಾ. ಉಸಿರು ಕಟ್ಟಿದವನನ್ನು ಕೆಳಗಿಳಿಸಬೇಕಾದರೆ ಮೊದಲು ಮೇಲೆ ಹತ್ತಿಸಬೇಕು. ರಾತ್ರಿ ಎರಡು ಗಂಟೆಗೆ ಅಪ್ಪ ವಾಂತಿ ಮಾಡಿಕೊಂಡರು. ಮಲಗಿದರೆ ಉಸಿರು ಬರುತ್ತಿಲ್ಲ ಅಂದರು. ಗುಡಾರದವನು ಆಮ್ಲಜನಕದ ಎರಡು ಡಬ್ಬಿ ಕೊಟ್ಟು, ಇಳಿಸಿ ಬಿಡಿ, ಕಾಯಬೇಡಿ ಅಂದ.

ಮೂರು ಗಂಟೆಗೆ ಹೊರಟೆವು. ಹೊರಗೆ ನೀರು ಹೆಪ್ಪುಗಟ್ಟುವ ಚಳಿ. ಐದು ಕಿಲೋಮೀಟರಿಗೆ ಎಂಜಿನ್ನಿನ ದೀಪ ಹತ್ತಿತು, ಗಾಡಿಯ ವೇಗ ಹತ್ತು ಹನ್ನೆರಡಕ್ಕೆ ಇಳಿಯಿತು. ಬಾನೆಟ್ ಎತ್ತಿ ಇಂಟರ್‌ಕೂಲರಿನ ಮೇಲೆ ಕೈ ಇಟ್ಟೆ, ಇಡಲಾಗಲಿಲ್ಲ. ಪಂಪಿನ ಮೇಲೆ ಕೈ ಇಟ್ಟೆ, ಅಲುಗಾಟವೇ ಇಲ್ಲ. ಯಾವಾಗ ಸತ್ತಿತ್ತೋ. ಹಗಲಿನಲ್ಲಿ ನಾನು ತೆಳು ಗಾಳಿಯ ಮೇಲೆ ಹಾಕಿದ ಆರೋಪ ಅರ್ಧ ಸುಳ್ಳು ಎಂದು ಆಗ ಗೊತ್ತಾಯಿತು.

ಹೊರಗೆ ಸೊನ್ನೆ ಡಿಗ್ರಿ ಇರುವಾಗ ಗಾಳಿ ಅಷ್ಟು ಬಿಸಿ ಹೇಗಾಯಿತು ಎಂದು ಕೆಲವು ಗೆಳೆಯರು ಕೇಳಿದರು. ಅಷ್ಟು ಎತ್ತರದಲ್ಲಿ ವಾಯುಭಾರ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ. ಎಂಜಿನ್ನಿಗೆ ಬೇಕಾದ ಒತ್ತಡ ಕೊಡಲು ಟರ್ಬೊ ಗಾಳಿಯನ್ನು ಇನ್ನೂ ಹೆಚ್ಚು ಪಟ್ಟು ಒತ್ತಬೇಕು. ಮೂರು ಪಟ್ಟು ಒತ್ತಿದರೆ, ಟರ್ಬೊದ ದಕ್ಷತೆ 70% ಎಂದು ಹಿಡಿದರೂ, ಸೊನ್ನೆ ಡಿಗ್ರಿಯ ಗಾಳಿ ಸುಮಾರು 140 ಡಿಗ್ರಿಗೆ ಏರುತ್ತದೆ. ನೀರು ತಿರುಗದಿದ್ದರೆ ಆ ಗಾಳಿ ಹಾಗೇ ಒಳಗೆ ಹೋಗುತ್ತದೆ. ಎಂಜಿನ್ನಿನ ಕಂಪ್ಯೂಟರು ಅಪಾಯ ಕಂಡು ಡೀಸೆಲ್ ಕಡಿಮೆ ಮಾಡುತ್ತದೆ. ಅದು ತನ್ನ ಕೆಲಸ ಸರಿಯಾಗಿಯೇ ಮಾಡಿತು.

ಬಾರಾಲಾಚಾದ ತುದಿಗೆ ಸುಮಾರು 40 ಕಿ.ಮೀ. ನಾಲ್ಕು ಗಂಟೆ ಹಿಡಿಯಿತು. ಎರಡು ಮೂರು ಕಿಲೋಮೀಟರಿಗೊಮ್ಮೆ ನಿಲ್ಲಿಸುವುದು, ಬಾನೆಟ್ ತೆರೆದು ತಣಿಸುವುದು, ಮತ್ತೆ ಹೊರಡುವುದು. ಪ್ರತಿ ಸಲ ನಿಲ್ಲಿಸಿದಾಗಲೂ ಹಿಂದಿನ ಸೀಟಿನಿಂದ ಅಪ್ಪನ ಉಸಿರಿನ ಸದ್ದು ಮಾತ್ರ ಕೇಳುತ್ತಿತ್ತು. ಎರಡನೇ ಡಬ್ಬಿ ಖಾಲಿಯಾದದ್ದು ತುದಿಗೆ ಇನ್ನೂ ಆರು ಕಿಲೋಮೀಟರ್ ಇರುವಾಗ. ಇಳಿಜಾರು ಸಿಕ್ಕ ಮೇಲೆ ಟರ್ಬೊದ ಹಂಗಿಲ್ಲ, ಗಾಡಿ ಸಲೀಸಾಗಿ ಇಳಿಯಿತು. ಕೇಲಾಂಗಿನ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಸಂಜೆಯ ಹೊತ್ತಿಗೆ ಅಪ್ಪ ಎದ್ದು ಕೂತು ಗಂಜಿ ಇದೆಯಾ ಅಂದರು.

ದೆಹಲಿಗೆ ಬಂದ ವಾರದ ನಂತರ, ನಾನು ಬಾನೆಟ್ ತೆರೆದು ಪಂಪು ಬಿಚ್ಚುತ್ತಿದ್ದಾಗ ಅಪ್ಪ ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂತರು. ನೀರಿನ ಡಬ್ಬಿ ಯಾವುದು ಎಂದು ಕೇಳಿದರು. ತೋರಿಸಿದೆ. ಪಂಪು ಯಾವುದು? ತೋರಿಸಿದೆ. ಸ್ವಲ್ಪ ಹೊತ್ತು ನೋಡಿ ಹೇಳಿದರು: "ಇದು ಕೆರೆಗಿಂತ ಮೇಲಿದೆಯಲ್ಲೋ. ಗಾಳಿ ಹಿಡಿದ್ರೆ ಎಲ್ಲಿಂದ ಬಿಡ್ತೀರಿ?"

ತೋಟದ ಪಂಪು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಫುಟ್‌ವಾಲ್ವಿನ ಸಂದಿಯಿಂದ ನೀರು ಇಳಿದುಹೋದರೆ ಮೋಟರ್ ತಿರುಗುತ್ತಲೇ ಇರುತ್ತದೆ, ನೀರು ಬರುವುದಿಲ್ಲ. ಕೊಡದಲ್ಲಿ ನೀರು ತಂದು ಬಾಯಿಗೆ ಸುರಿಯಬೇಕು. ಪಂಪಿಗೆ ನೀರು ಕುಡಿಸದೆ ಓಡಿಸಬೇಡ ಎಂದು ಚಿಕ್ಕಂದಿನಲ್ಲಿ ಎಷ್ಟು ಸಲ ಬೈಸಿಕೊಂಡಿದ್ದೇನೋ. ಗಾಡಿಯದು ಮುಚ್ಚಿದ ಸುತ್ತು, ಅದರಲ್ಲಿ ಫುಟ್‌ವಾಲ್ವ್ ಇಲ್ಲ. ಆದರೆ ಗಾಳಿಯ ಗುಳ್ಳೆಗಳು ಅತ್ಯಂತ ಎತ್ತರದ ಜಾಗಕ್ಕೇ ಹೋಗಿ ಕೂರುತ್ತವೆ. ನಮ್ಮ ಸುತ್ತಿನಲ್ಲಿ ಅತಿ ಎತ್ತರದ ಜಾಗದಲ್ಲಿ ಕೂತಿದ್ದದ್ದು ಪಂಪೇ. ಬಿಗಿಯಲು ಸುಲಭ ಎಂದು ವರ್ಕ್‌ಶಾಪಿನವರು ಅಲ್ಲಿ ಬಿಗಿದಿದ್ದರು. ಬಿಚ್ಚಿ ನೋಡಿದಾಗ ಒಳಗಿನ ಸೀಲು ಬಿರುಕು ಬಿಟ್ಟಿತ್ತು, ಪ್ಲಾಸ್ಟಿಕ್ ಚಕ್ರದ ಅಂಚು ಕರಗಿತ್ತು, ಇಂಗಾಲದ ಬ್ರಷ್ಷುಗಳು ಸವೆದು ಮುಗಿದಿದ್ದವು. ನೀರಿಲ್ಲದೆ ತಿರುಗಿ ತಿರುಗಿ ಸತ್ತ ಪಂಪು ಅದು.

ಆ ಪಂಪನ್ನೇ ಚೀಲದಲ್ಲಿ ಹಾಕಿಕೊಂಡು ಕಾಶ್ಮೀರಿ ಗೇಟಿಗೆ ಹೋದದ್ದು. ಹೋಗುವ ಮೊದಲು ಕಾಗದದ ಮೇಲೆ ಸ್ವಲ್ಪ ಲೆಕ್ಕ ಹಾಕಿದ್ದೆ. ಲೆಕ್ಕವಿಲ್ಲದೆ ಸಂತೆಗೆ ಹೋದರೆ ಅಂಗಡಿಯವನು ಕೊಟ್ಟದ್ದೇ ಸರಿ.

ಎಂಜಿನ್ನು 3,500 ಸುತ್ತಿನಲ್ಲಿ ಪೂರ್ತಿ ಎಳೆಯುವಾಗ ಸೆಕೆಂಡಿಗೆ ಸುಮಾರು 150 ಗ್ರಾಂ ಗಾಳಿ ನುಂಗುತ್ತದೆ. ಆ ಗಾಳಿಯನ್ನು 145 ಡಿಗ್ರಿಯಿಂದ 55ಕ್ಕೆ ಇಳಿಸಬೇಕಾದರೆ 13ರಿಂದ 14 ಕಿಲೋವಾಟ್ ಶಾಖ ತೆಗೆಯಬೇಕು. ಬಚ್ಚಲಮನೆಯ 2 ಕಿಲೋವಾಟಿನ ಗೀಸರು ಏಳನ್ನು ಒಟ್ಟಿಗೆ ಹಚ್ಚಿದಷ್ಟು. ನೀರು ಮತ್ತು ಗ್ಲೈಕಾಲನ್ನು ಅರ್ಧರ್ಧ ಬೆರೆಸಿದ ಕೂಲಂಟ್ ನಿಮಿಷಕ್ಕೆ 10 ಲೀಟರ್ ಹರಿದರೆ ಈ ಶಾಖ ಹೊತ್ತು ಅದು 22 ಡಿಗ್ರಿ ಬಿಸಿಯಾಗುತ್ತದೆ. 20 ಲೀಟರ್ ಹರಿದರೆ 11 ಡಿಗ್ರಿ. 40 ಲೀಟರ್ ಹರಿದರೆ ಐದೂವರೆ. ಹತ್ತರಿಂದ ಇಪ್ಪತ್ತಕ್ಕೆ ಹೋದರೆ ಸಿಗುವ ಲಾಭ ದೊಡ್ಡದು, ಇಪ್ಪತ್ತರಿಂದ ನಲವತ್ತಕ್ಕೆ ಹೋದರೆ ಅಷ್ಟಿಲ್ಲ. ಆದ್ದರಿಂದ ನನಗೆ ಬೇಕಾದದ್ದು ನಿಮಿಷಕ್ಕೆ 20 ಲೀಟರ್, ಅದೂ ಪೆಟ್ಟಿಗೆಯ ಮೇಲಲ್ಲ, ನನ್ನ ಕೊಳವೆಯಲ್ಲಿ.

ಎರಡಕ್ಕೂ ವ್ಯತ್ಯಾಸವಿದೆ. ಪೆಟ್ಟಿಗೆಯ ಮೇಲೆ ಬರೆಯುವುದು ಯಾವ ಅಡ್ಡಿಯೂ ಇಲ್ಲದೆ ಬಕೆಟ್ಟಿಗೆ ಬೀಳುವ ನೀರಿನ ಲೆಕ್ಕ. ನಮ್ಮ ಸುತ್ತಿನಲ್ಲಿ ಎಂಟು ಮೀಟರ್ ಕೊಳವೆ, ಎರಡು ರೇಡಿಯೇಟರಿನಂಥ ಜಾಲ, ಹತ್ತಾರು ತಿರುವು. ಇವನ್ನೆಲ್ಲ ದಾಟಿ 20 ಲೀಟರ್ ಹರಿಯಲು, ನಮ್ಮ ರೈತರ ಭಾಷೆಯಲ್ಲಿ ಹೇಳುವುದಾದರೆ, ಸುಮಾರು 3 ಮೀಟರ್ ಹೆಡ್ ಬೇಕು. ಮುಕ್ಕಾಲು ಇಂಚಿನ ಕೊಳವೆಯ ಲೆಕ್ಕ ಇದು. ಅರ್ಧ ಇಂಚಿನ ಕೊಳವೆ ಹಾಕಿದರೆ ಅದರೊಳಗಿನ ತಿಕ್ಕಾಟ ಏಳೂವರೆ ಪಟ್ಟು ಏರುತ್ತದೆ. ಹಳೇ ಪಂಪಿನ ಮೂತಿ ಅರ್ಧ ಇಂಚಿನದು. ಅದನ್ನು ಕೊಳ್ಳುವಾಗ ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ಮೊದಲ ಅಂಗಡಿಯವನು ನನ್ನ ಸುಟ್ಟ ಪಂಪನ್ನು ನೋಡಿದ್ದೇ ತಡ ಅಂಥದ್ದೇ ಇನ್ನೊಂದು ತಂದಿಟ್ಟ. ಹೊಳೆಯುವ ಸ್ಟಿಕರು, ದೊಡ್ಡ ಜರ್ಮನ್ ಕಂಪನಿಯ ಹೆಸರನ್ನು ಹೋಲುವ ಹೆಸರು, ಒಂದಕ್ಷರ ಆಚೀಚೆ. "ಒರಿಜಿನಲ್ ಹೈ, ಭಾಯಿ ಸಾಹೇಬ್, ಮಿನಿಟಿಗೆ ಮೂವತ್ತು ಲೀಟರ್." ಬಾಶ್, ಪಿಯರ್‌ಬರ್ಗ್, ಡೇವೀಸ್ ಕ್ರೇಗ್ ಇತ್ಯಾದಿ ಹೆಸರುಗಳನ್ನು ಇಲ್ಲಿ ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಅಸಲಿ ಸಿಗುತ್ತದೆ, ಆದರೆ ಭಾಗದ ಸಂಖ್ಯೆ ಪೆಟ್ಟಿಗೆಯ ಮೇಲೂ ಪಂಪಿನ ಮೈಮೇಲೂ ಒಂದೇ ಇದೆಯೇ, ಅಚ್ಚು ಸ್ಪಷ್ಟವಾಗಿದೆಯೇ, ಪಕ್ಕಾ ಬಿಲ್ ಕೊಡುತ್ತಾನೆಯೇ ನೋಡಬೇಕು. ಪಕ್ಕಾ ಬಿಲ್ ಎಂದ ಕೂಡಲೇ ಅವನ ಮುಖ ಸಣ್ಣದಾಯಿತು.

ಎರಡನೇ ಅಂಗಡಿ ಬಸ್ಸಿನ ಸಾಮಾನಿನದು. ಬಸ್ಸಿನ ಹೀಟರಿಗೆ ಬಿಸಿನೀರು ತಿರುಗಿಸುವ ಪಂಪು ತೋರಿಸಿದ. ಗಟ್ಟಿ ಮೈ, ಬ್ರಷ್ಷಿಲ್ಲದ ಮೋಟರ್, ದಿನಗಟ್ಟಲೆ ನಿಲ್ಲದೆ ತಿರುಗಲೆಂದೇ ಮಾಡಿದ್ದು. ಮನಸ್ಸು ಅಲ್ಲೇ ನಿಂತಿತು. ಆದರೆ ಅದು 24 ವೋಲ್ಟಿನದು. ದೊಡ್ಡ ಟ್ರಕ್ಕು ಬಸ್ಸುಗಳದ್ದೆಲ್ಲ 24, ನಮ್ಮಂಥ ಪಿಕಪ್ಪುಗಳದ್ದು 12. "ಚಲ್ ಜಾಯೇಗಾ" ಅಂದ. ನಡೆಯುತ್ತದೆ ನಿಜ. ಅರ್ಧ ವೋಲ್ಟೇಜಿನಲ್ಲಿ ಅರ್ಧ ವೇಗ ಎಂದು ಹಿಡಿದರೆ ಹರಿವು ಅರ್ಧವಾಗುತ್ತದೆ, ಹೆಡ್ ಕಾಲುಭಾಗಕ್ಕೆ ಇಳಿಯುತ್ತದೆ. ಇದೇ ಕಾರಣಕ್ಕೆ ತಂತಿಯೂ ಮುಖ್ಯ. ನಮ್ಮ ಗಾಡಿಯಲ್ಲಿ ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದರೆ ಪಂಪಿನ ಬಾಯಲ್ಲಿ 11.4 ಮಾತ್ರ ಇತ್ತು, ತೆಳು ತಂತಿ ಮತ್ತು ಕಿಲುಬು ಹಿಡಿದ ಕನೆಕ್ಟರಿನ ದೆಸೆಯಿಂದ. ಅಷ್ಟಕ್ಕೇ ಹೆಡ್ಡಿನ ಮೂರನೇ ಒಂದು ಭಾಗ ಹೋಗಿಬಿಡುತ್ತದೆ.

ಮೂರನೇ ಅಂಗಡಿ ಹ್ಯಾಮಿಲ್ಟನ್ ರೋಡಿನ ಒಂದು ಹಳೇ ಕಟ್ಟಡದ ನೆಲಮಹಡಿಯಲ್ಲಿತ್ತು. ಮಾಲೀಕರು ವಯಸ್ಸಾದ ಸರ್ದಾರ್ಜಿ. ನನ್ನ ಕಾಗದ ಓದಿ, ಕನ್ನಡಕ ಮೇಲೆತ್ತಿ, "ಲಿಟರ್ ಎಲ್ಲರೂ ಕೇಳುತ್ತಾರೆ, ಪ್ರೆಷರ್ ಕೇಳಿದವರು ಕಡಿಮೆ" ಅಂದರು. ಅಳೆಯಲು ಯಂತ್ರ ಇಲ್ಲ, ಆದರೆ ಮೆಟ್ಟಿಲಿದೆ ಅಂದರು. ಹುಡುಗನನ್ನು ಕರೆದು ಒಂದು ಬಕೆಟ್ ನೀರು, ಒಂದು ಕಾರಿನ ಬ್ಯಾಟರಿ, ಪಾರದರ್ಶಕ ಕೊಳವೆಯ ಸುರುಳಿ ತರಿಸಿದರು. ಪಂಪಿನ ಬಾಯಿಗೆ ಕೊಳವೆ ಸಿಕ್ಕಿಸಿ ಅದರ ತುದಿ ಹಿಡಿದು ಹುಡುಗ ಮೆಟ್ಟಿಲು ಹತ್ತಿದ. ನೀರು ಎಷ್ಟು ಎತ್ತರದಲ್ಲಿ ನಿಲ್ಲುತ್ತದೋ ಅದೇ ಆ ಪಂಪಿನ ಗರಿಷ್ಠ ಹೆಡ್. ಮುಚ್ಚಿದ ಸುತ್ತಿನಲ್ಲಿ ಏರು ಇಳಿತ ಒಂದಕ್ಕೊಂದು ವಜಾ ಆಗುತ್ತವೆ, ಉಳಿಯುವುದು ತಿಕ್ಕಾಟ ಮಾತ್ರ. ಆದರೆ ತಿಕ್ಕಾಟ ಗೆಲ್ಲುವ ಬಲ ಪಂಪಿನಲ್ಲಿ ಎಷ್ಟಿದೆ ಎಂದು ಮೆಟ್ಟಿಲು ಹೇಳಿಬಿಡುತ್ತದೆ.

ಮೂವತ್ತು ಲೀಟರಿನದು ಎಂದು ಹೇಳಿಕೊಂಡ ಸಾದಾ ಪಂಪಿನ ನೀರು ಎರಡು ಮೀಟರ್ ಹತ್ತಿ ಮೊದಲ ಮಹಡಿಗೂ ಮುಟ್ಟದೆ ನಿಂತಿತು. ನನ್ನ ಸುತ್ತಿನಲ್ಲಿ ಅದರ ಮೂವತ್ತು ಲೀಟರ್ ಅರ್ಧಕ್ಕೆ ಇಳಿಯುತ್ತಿತ್ತು. ಇನ್ನೊಂದು ಮಧ್ಯಮ ಬೆಲೆಯದು ಮೂರೂವರೆ ಮೀಟರ್. ಕೊನೆಯದು ಟರ್ಬೊ ಇರುವ ಜರ್ಮನ್ ಕಾರುಗಳಲ್ಲಿ ಬಳಸುವ, ಬ್ರಷ್ಷಿಲ್ಲದ ಸಹಾಯಕ ಪಂಪು. ಪೆಟ್ಟಿಗೆಯಲ್ಲಿ ಬರೆದ ಲೀಟರು ಅದೇ ಮೂವತ್ತರ ಆಸುಪಾಸು. ನೀರು ಮೊದಲ ಮಹಡಿ ದಾಟಿತು, ಎರಡನೇ ಮಹಡಿಯ ಕಟಕಟೆಯನ್ನೂ ದಾಟಿತು. ಮೇಲಿನಿಂದ ಹುಡುಗ "ಆ ಗಯಾ, ಆ ಗಯಾ" ಎಂದು ಕೂಗಿದ, ಆಮೇಲೆ ಕೊಳವೆ ಅವನ ಕೈತಪ್ಪಿ ಕೆಳಗೆ ಚಹಾ ಕುಡಿಯುತ್ತಿದ್ದ ಇಬ್ಬರು ಹಮಾಲರು ಒದ್ದೆಯಾದರು. ಸರ್ದಾರ್ಜಿ ಅವರಿಗೆ ಇನ್ನೊಂದು ಸುತ್ತು ಚಹಾ ಹೇಳಿ ನನ್ನ ಕಡೆ ತಿರುಗಿದರು. ಹದಿನಾಲ್ಕೂವರೆ ಸಾವಿರ. ಚೌಕಾಸಿ ಮಾಡಿ 13,800ಕ್ಕೆ ಬಂತು, ಪಕ್ಕಾ ಬಿಲ್ಲಿನೊಂದಿಗೆ.

ತಕ್ಷಣ ಕೊಳ್ಳಲಿಲ್ಲ. ಅದೇ ಪಂಪು ಹಳೇ ಕಾರಿನಿಂದ ತೆಗೆದದ್ದು ಮಾಯಾಪುರಿಯಲ್ಲಿ ಮೂರನೇ ಒಂದು ಬೆಲೆಗೆ ಸಿಗುತ್ತದೆ ಎಂದು ಗೆಳೆಯ ಹೇಳಿದ್ದ. ಮರುವಾರ ಅಲ್ಲಿಗೂ ಹೋದೆ. ಪಶ್ಚಿಮ ದೆಹಲಿಯ ಆ ಗುಜರಿ ಪೇಟೆಯಲ್ಲಿ ಬಾಗಿಲುಗಳದೇ ಒಂದು ಗುಡ್ಡ, ಎಂಜಿನ್ನುಗಳದೇ ಒಂದು ಗುಡ್ಡ. ಪಂಪು ಸಿಕ್ಕಿತು, ತಿರುಗಿತು ಕೂಡ. ಆದರೆ ಎಷ್ಟು ಓಡಿದೆ, ಒಣಗಿ ತಿರುಗಿದೆಯೇ, ಪ್ರವಾಹದಲ್ಲಿ ಮುಳುಗಿದ ಗಾಡಿಯದೇ, ಯಾರೂ ಹೇಳಲಾರರು. 2010ರಲ್ಲಿ ಇದೇ ಮಾಯಾಪುರಿಗೆ ಗುಜರಿಯಾಗಿ ಬಂದ ಒಂದು ಪ್ರಯೋಗಾಲಯದ ಉಪಕರಣದೊಳಗೆ ಕೋಬಾಲ್ಟ್-60 ಇತ್ತು. ಬಿಚ್ಚಿದವರಿಗೆ ಅದೇನೆಂದು ಗೊತ್ತಿರಲಿಲ್ಲ, ವಿಕಿರಣಕ್ಕೆ ಸಿಕ್ಕಿ ಒಬ್ಬ ಕಾರ್ಮಿಕ ಸತ್ತ. ಪಂಪಿಗೂ ಅದಕ್ಕೂ ಹೋಲಿಕೆ ಇಲ್ಲ. ಆದರೆ ಪೂರ್ವೇತಿಹಾಸ ಗೊತ್ತಿಲ್ಲದ ವಸ್ತು ಎಂದರೆ ಏನು ಎಂಬುದು ಅಲ್ಲಿ ನಿಂತಾಗ ನೆನಪಾಗುತ್ತದೆ. ಮನೆಯ ಫ್ಯಾನಿಗಾದರೆ ಮಾಯಾಪುರಿ ಸಾಕು, ಬಾರಾಲಾಚಾಕ್ಕೆ ಬೇಡ ಅನ್ನಿಸಿತು. ಸೋಮವಾರ ಸರ್ದಾರ್ಜಿಯ ಅಂಗಡಿಗೆ ಮರಳಿದೆ. ಹೊಸದೊಂದು ಕೊಂಡೆ. ಜತೆಗೆ ಮೂರೂವರೆ ಮೀಟರಿನ ಮಧ್ಯಮದ್ದೂ ಒಂದು, ಬದಲಿಗೆ ಇರಲಿ ಎಂದು.

ಜೋಡಿಸುವ ಕೆಲಸ ಈ ಸಲ ನಾನೇ ಎದುರು ನಿಂತು ಮಾಡಿಸಿದೆ. ಪಂಪು ಷಾಸಿಯ ಪಕ್ಕ, ಇಡೀ ಸುತ್ತಿನ ಅತ್ಯಂತ ತಗ್ಗಿನಲ್ಲಿ. ನೀರಿನ ಡಬ್ಬಿ ಅತ್ಯಂತ ಎತ್ತರದಲ್ಲಿ, ಅಲ್ಲಿಂದ ನೇರವಾಗಿ ಪಂಪಿನ ಒಳಬಾಯಿಗೆ ಕೊಳವೆ. ಗಾಳಿ ಮೇಲೆ ಹೋಗುತ್ತದೆ, ಪಂಪಿಗೆ ಸದಾ ನೀರೇ ಸಿಗುತ್ತದೆ. ಎಲ್ಲಾ ಕಡೆ ಮುಕ್ಕಾಲು ಇಂಚಿನ ಕೊಳವೆ. ದಪ್ಪ ತಂತಿ, ರಿಲೇ, ಪಂಪಿಗೆ ಪ್ರತ್ಯೇಕ ಫ್ಯೂಸ್. ಬದಲಿ ಪಂಪಿಗೂ ಅದೇ ಕನೆಕ್ಟರು ಮೊದಲೇ ಹಾಕಿಸಿದೆ, ಕತ್ತಲಲ್ಲಿ ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಬದಲಿಸಲು ಆಗುವಂತೆ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೂರೈವತ್ತು ರೂಪಾಯಿಯ ಒಂದು ಉಷ್ಣತೆಯ ಸೆನ್ಸರು ಮತ್ತು ಡ್ಯಾಶ್‌ಬೋರ್ಡಿನಲ್ಲಿ ಒಂದು ಬಝರು. ನೀರು 70 ಡಿಗ್ರಿ ದಾಟಿದರೆ ಕೂಗುತ್ತದೆ. ಯಾವ ಪಂಪೂ ಒಂದಲ್ಲ ಒಂದು ದಿನ ನಿಲ್ಲುತ್ತದೆ. ನಿಂತದ್ದು ಗೊತ್ತಾಗಬೇಕು. ಹೋದ ವರ್ಷ ಗೊತ್ತಾಗಿದ್ದರೆ ನಾನು ಜಿಸ್ಪಾದಿಂದ ಮುಂದೆ ಹೋಗುತ್ತಲೇ ಇರಲಿಲ್ಲ.

ಕೊನೆಗೆ ಡಬ್ಬಿಗೆ ಮರಳುವ ಕೊಳವೆ ಬಿಚ್ಚಿ 20 ಲೀಟರಿನ ನೀರಿನ ಕ್ಯಾನಿಗೆ ಹಿಡಿದೆವು, ಡಬ್ಬಿಗೆ ಮೇಲಿಂದ ನೀರು ಸುರಿಯುತ್ತಲೇ ಇದ್ದೆವು. 55 ಸೆಕೆಂಡಿಗೆ ಕ್ಯಾನ್ ತುಂಬಿತು. ನಿಮಿಷಕ್ಕೆ ಸುಮಾರು 22 ಲೀಟರ್. ಅಷ್ಟು ಸಾಕಾಗಿತ್ತು.

ಜೂನ್ ಕೊನೆಯ ವಾರ ಸಹೋದ್ಯೋಗಿಯೊಬ್ಬರನ್ನು ಕರೆದುಕೊಂಡು ಹೊರಟೆ. ಅಪ್ಪ ಶಿರಸಿಯಲ್ಲೇ ಉಳಿದರು. ವೈದ್ಯರು ಇನ್ನು ಮೂರು ಸಾವಿರ ಮೀಟರಿನ ಆಚೆ ಬೇಡ ಅಂದಿದ್ದಾರೆ.

ಇಲ್ಲಿ ಎರಡನೇ ಕಾರಣ ಹೇಳಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎಂಬುದು ಪರ್ವತದ ವೈದ್ಯಕೀಯದಲ್ಲಿ ಎಲ್ಲರೂ ಹೇಳುವ ಮಾತು. ನಾನು ಎಪ್ಪತ್ತೊಂದರ ಅಪ್ಪನನ್ನು ಸುಮಾರು 3,200 ಮೀಟರಿನ ಜಿಸ್ಪಾದಿಂದ ಒಂದೇ ದಿನಕ್ಕೆ 4,290ಕ್ಕೆ ಒಯ್ದು ಮಲಗಿಸಿದ್ದೆ. ರಜೆ ಕಡಿಮೆ ಇತ್ತು. ಗಾಡಿಗೆ ಅಷ್ಟು ಖರ್ಚು ಮಾಡಿದ್ದೆ, ಹೋಗಲೇಬೇಕಿತ್ತು. ಪಂಪು ಸರಿಯಿದ್ದಿದ್ದರೆ ನಾಲ್ಕು ಗಂಟೆಯ ದಾರಿ ಒಂದೂವರೆ ಗಂಟೆಯಾಗುತ್ತಿತ್ತು ಅಷ್ಟೇ. ಅವರ ಉಸಿರು ಕಟ್ಟಿದ್ದು ಪಂಪಿನಿಂದಲ್ಲ. ಎಷ್ಟೋ ತಿಂಗಳು ನಾನು ಪಂಪನ್ನೇ ಬೈಯುತ್ತಾ ಈ ಮಾತನ್ನು ಪಕ್ಕಕ್ಕೆ ಇಟ್ಟಿದ್ದೆ.

ಈ ಸಲ ಜಿಸ್ಪಾದಲ್ಲಿ ಎರಡು ರಾತ್ರಿ ಉಳಿದೆವು. ತಾಂಡಿಯಲ್ಲಿ, ಚಂದ್ರಾ ಮತ್ತು ಭಾಗಾ ನದಿಗಳು ಕೂಡುವಲ್ಲಿ, ಮುಂದಿನ ಪೆಟ್ರೋಲ್ ಬಂಕ್ 365 ಕಿ.ಮೀ. ದೂರ ಎಂಬ ಫಲಕಕ್ಕೆ ಹೆಸರಾದ ಬಂಕಿನಲ್ಲಿ ಟ್ಯಾಂಕು ತುಂಬಿಸಿಯಾಗಿತ್ತು. ಮೂರನೇ ದಿನ ಬೆಳಗ್ಗೆ ಐದಕ್ಕೇ ಹೊರಟೆವು. ಮಧ್ಯಾಹ್ನದ ಹೊತ್ತಿಗೆ ಹಿಮ ಕರಗಿ ಜಿಂಗ್‌ಜಿಂಗ್‌ಬಾರಿನ ಆಸುಪಾಸಿನ ನಾಲೆಗಳು ರಸ್ತೆಯ ಮೇಲೆ ಉಕ್ಕುತ್ತವೆ, ಬೆಳಗ್ಗೆ ಶಾಂತ. ದಾರ್ಚಾ ದಾಟಿದ ಮೇಲೆ ಮರಗಳು ಮುಗಿದವು. ದೀಪಕ್ ತಾಲ್‌ನ ನೀರಿನಲ್ಲಿ ಬೆಟ್ಟ ತಲೆಕೆಳಗಾಗಿ ನಿಂತಿತ್ತು. ಜಿಂಗ್‌ಜಿಂಗ್‌ಬಾರಿನಿಂದ ಮೇಲೆ ಏರು ಶುರು. ಎರಡನೇ ಗೇರು, ಕೆಲವು ಕಡೆ ಮೊದಲನೆಯದು. ಹೊರಗೆ 6 ಡಿಗ್ರಿ. ಎಂಜಿನ್ನಿಗೆ ಹೋಗುವ ಗಾಳಿ 45ರ ಆಸುಪಾಸು, ಅತಿ ಕಡಿದಾದ ತಿರುವುಗಳಲ್ಲಿ 52. ಬಝರು ಸುಮ್ಮನಿತ್ತು. ಗಾಡಿಗೆ ಕೆಳಗಿನಷ್ಟು ಕಸುವಿರಲಿಲ್ಲ, ಅಷ್ಟು ತೆಳು ಗಾಳಿಯಲ್ಲಿ ಇರುವುದೂ ಇಲ್ಲ. ಆದರೆ ಕೇಳಿದ್ದು ಕೊಟ್ಟಿತು.

ತುದಿಗೆ ಸ್ವಲ್ಪ ಮುಂಚೆ ಸೂರಜ್ ತಾಲ್. ಭಾಗಾ ನದಿ ಹುಟ್ಟುವ ಸರೋವರ. ಅರ್ಧ ಇನ್ನೂ ಮಂಜುಗಡ್ಡೆ, ಅರ್ಧ ಹಸಿರು ನೀಲಿ ನೀರು. ಹೋದ ವರ್ಷ ಎರಡು ಸಲ ಇದರ ಪಕ್ಕದಲ್ಲೇ ಹಾದುಹೋಗಿದ್ದೆ. ಒಮ್ಮೆ ಗಡಿಬಿಡಿಯಲ್ಲಿ, ಒಮ್ಮೆ ಹಿಂದಿನ ಸೀಟಿನ ಉಸಿರು ಕೇಳುತ್ತಾ. ಸರೋವರ ಕಂಡ ನೆನಪೇ ಇರಲಿಲ್ಲ. ಈ ಸಲ ನಿಲ್ಲಿಸಿ ಅರ್ಧ ಗಂಟೆ ಕೂತೆವು. ಬಾರಾಲಾಚಾದ ತುದಿಯಲ್ಲಿ ಗಾಳಿಗೆ ಪಟಪಟಿಸುವ ಬಣ್ಣದ ಬಾವುಟಗಳ ಹತ್ತಿರ ಐದು ನಿಮಿಷ ನಿಂತು ತಿರುಗಿದೆವು. ಸರ್ಚುವಿಗೆ ಹೋಗಲಿಲ್ಲ. ಹೋಗಬಹುದಿತ್ತು, ಪಂಪು ಒಯ್ಯುತ್ತಿತ್ತು. ಸಹೋದ್ಯೋಗಿಗೆ ತುಸು ತಲೆಭಾರ ಎಂದರು, ಅಷ್ಟೇ ಸಾಕಾಯಿತು.

ಇದನ್ನು ಓದುವ ನಮ್ಮ ಮುಂಬೈ, ಪುಣೆ, ಹೈದರಾಬಾದಿನ ಗೆಳೆಯರಲ್ಲಿ ಪಿಕಪ್ಪು ಇಟ್ಟುಕೊಂಡು ಬೆಟ್ಟದ ಕನಸು ಕಾಣುವವರು ಇದ್ದಾರೆಂದು ಗೊತ್ತು. ಸಾಧ್ಯವಾದರೆ ಕಂಪನಿ ಕೊಟ್ಟ ಇಂಟರ್‌ಕೂಲರನ್ನು ಹಾಗೇ ಬಿಡಿ, ಅದರ ಮುಂದೆ ಏನನ್ನೂ ಅಡ್ಡ ಇಡಬೇಡಿ. ನನ್ನ ವಿಂಚನ್ನು ನಾನು ಈ ತನಕ ಬಳಸಿದ್ದು ಒಂದೇ ಸಲ, ಪಕ್ಕದ ಮನೆಯವರ ಕಾರನ್ನು ಮಳೆಗಾಲದ ಚರಂಡಿಯಿಂದ ಎಳೆಯಲು. ಆಗಲೇ ಬದಲಾಯಿಸಿ ಆಗಿದ್ದರೆ, ಪಂಪು ಕೊಳ್ಳುವಾಗ ಲೀಟರಿಗಿಂತ ಮೊದಲು ಹೆಡ್ ಕೇಳಿ. ಬ್ರಷ್ಷಿಲ್ಲದ್ದು, ನಿರಂತರ ಓಡಲು ಮಾಡಿದ್ದು ಕೊಳ್ಳಿ. ತಗ್ಗಿನಲ್ಲಿ ಕೂರಿಸಿ. ಮೆಟ್ಟಿಲಿರುವ ಅಂಗಡಿ ಸಿಕ್ಕರೆ ಬಿಡಬೇಡಿ.

ಅವತ್ತು ಸಂಜೆ ಕೇಲಾಂಗಿನಲ್ಲಿ ಸಿಗ್ನಲ್ ಸಿಕ್ಕ ಮೇಲೆ ಶಿರಸಿಗೆ ಫೋನು ಮಾಡಿದೆ. ಸೂರಜ್ ತಾಲ್‌ನ ಫೋಟೊ ಕಳಿಸಿದ್ದೆ. ಅಪ್ಪ ಅದರ ಬಗ್ಗೆ ಮೊದಲು ಕೇಳಲಿಲ್ಲ.

"ಪಂಪಿಗೆ ಗಾಳಿ ಹಿಡೀಲಿಲ್ಲ ತಾನೆ?"

ಇಲ್ಲ ಅಂದೆ.

"ನಿಂಗೆ?"

ಇಲ್ಲ, ಇಳಿದು ಬಂದ್ವಿ ಅಂದೆ. ಆಮೇಲೆ ಅವರು ಫೋಟೊದಲ್ಲಿ ಕಾಣುವ ಬಿಳಿಯದೆಲ್ಲ ಹಿಮವಾ ಎಂದು ಕೇಳಿದರು.